ಚೆಂಡನ್ನು ಎಲ್ಲಿಡಬೇಕು?



ಈ ಪುಟದಲ್ಲಿ ನನ್ನ ಹೆಸರು ಕಂಡೊಡನೆ ಯಾವುದೋ ಹಬ್ಬದ ಅಡುಗೆಯ ವಿಷಯವಿರಬೇಕೆಂದು ಪುಟ ತಿರುಗಿಸಿಬಿಡಬೇಡಿ. ಈ ಸಲ ನಾನು ಬರೆಯುತ್ತಿರುವುದು ನಿಮ್ಮದೇ ವಿಷಯ, ಫುಟ್‌ಬಾಲ್. ಅದರಲ್ಲೂ ಫ್ರೀ ಕಿಕ್. ಫೌಲ್ ಆದಾಗ ಚೆಂಡನ್ನು ಎಲ್ಲಿಟ್ಟು ಒದೆಯಬೇಕು ಎಂಬ ಒಂದೇ ಒಂದು ಪ್ರಶ್ನೆ. "ಇದೆಂಥದು ಮಾರಾಯ, ಆಂಟಿಗೆ ಬೇರೆ ಕೆಲಸವಿಲ್ಲವೇ?" ಎನ್ನುತ್ತೀರಿ. ಕೆಲಸ ಬೇಕಾದಷ್ಟಿದೆ. ಆದರೆ ಈ ಪ್ರಶ್ನೆಗೆ ಸರಿಯಾದ ಉತ್ತರ ಯಾರಿಗೂ ತಿಳಿಯದೆ ಹೋದದ್ದರಿಂದ ನಮ್ಮ ಕಟ್ಟಡದ ಎರಡು ಮನೆಗಳವರು ಮೂರು ತಿಂಗಳು ಮಾತು ಬಿಟ್ಟಿದ್ದರು. ಅದರಲ್ಲಿ ಒಂದು ಮನೆ ನಮ್ಮದು!

ನಡೆದದ್ದು ಇಷ್ಟು. ಕಳೆದ ಚಳಿಗಾಲದಲ್ಲಿ ನಮ್ಮ ಉಪನಗರದ ಮೈದಾನದಲ್ಲಿ ಕನ್ನಡಿಗ ಹುಡುಗರಿಗಾಗಿ ಒಂದು ಪಂದ್ಯಾಟ ನಡೆಯಿತು. ನನ್ನ ಕಿರಿಯ ಮಗ ಒಂದು ತಂಡದಲ್ಲಿ ಫಾರ್ವರ್ಡ್. ಕೆಳಗಿನ ಮಾಳಿಗೆಯ ಅವನ ಗೆಳೆಯ ಇನ್ನೊಂದು ತಂಡದ ಗೋಲ್‌ಕೀಪರ್. ಇಬ್ಬರೂ ಶಿಶುವಿಹಾರದಿಂದಲೂ ಜೊತೆ. ನಮ್ಮ ಮನೆಯಲ್ಲಿ ನೀರುದೋಸೆ ಮಾಡಿದ ದಿನ ಆ ಹುಡುಗ ಕರೆಯದೆಯೇ ಬಂದು ತಟ್ಟೆ ಹಿಡಿಯುತ್ತಿದ್ದ. ಸೆಮಿಫೈನಲ್‌ನಲ್ಲಿ ಈ ಎರಡು ತಂಡಗಳೇ ಎದುರು ಬದುರಾದವು.

ಕೊನೆಯ ಐದು ನಿಮಿಷ. ನಮ್ಮ ಹುಡುಗರು ಒಂದು ಗೋಲಿನಿಂದ ಹಿಂದೆ. ಎದುರು ತಂಡದ ಡಿಫೆಂಡರ್ ಗಾಬರಿಯಿಂದ ಚೆಂಡನ್ನು ತನ್ನ ಗೋಲ್‌ಕೀಪರನತ್ತಲೇ ಒದ್ದ. ಚೆಂಡು ಗೋಲಿನೊಳಗೆ ಹೋಗಿಬಿಡುವ ಭಯದಿಂದ ಗೋಲ್‌ಕೀಪರ್ ಅದನ್ನು ಎರಡೂ ಕೈಯಿಂದ ಎತ್ತಿಕೊಂಡ. ತನ್ನ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದೆಂಬ ನಿಯಮ 1992ರಲ್ಲಿ ಬಂದದ್ದು ನಿಮಗೆ ಗೊತ್ತೇ ಇದೆ. ರೆಫರಿ ಸೀಟಿ ಊದಿ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಟ್ಟರು. ಎಂದರೆ ಚೆಂಡು ಇನ್ನೊಬ್ಬ ಆಟಗಾರನಿಗೆ ತಗುಲಿದ ಮೇಲಷ್ಟೇ ಗೋಲ್ ಲೆಕ್ಕಕ್ಕೆ. ಅಲ್ಲಿಯವರೆಗೆ ಎಲ್ಲವೂ ಸರಿಯೇ.

ಆಮೇಲೆ ಅವರು ಗೋಲ್‌ಕೀಪರ್ ಚೆಂಡು ಎತ್ತಿದ ಜಾಗದಲ್ಲೇ, ಗೋಲ್ ಗೆರೆಯಿಂದ ಬರೀ ಎರಡು ಹೆಜ್ಜೆ ದೂರದಲ್ಲಿ, ಚೆಂಡನ್ನಿಟ್ಟರು. ಎದುರು ತಂಡದ ಹನ್ನೊಂದು ಜನರೂ ಎರಡು ಕಂಬಗಳ ನಡುವೆ ಸಂಜೆಯ ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತಂತೆ ಒತ್ತಿಕೊಂಡು ನಿಂತರು. ನಮ್ಮವನೊಬ್ಬ ಚೆಂಡನ್ನು ಮೆಲ್ಲಗೆ ತಳ್ಳಿದ, ನನ್ನ ಮಗ ಒದ್ದ, ಅದು ಯಾರದೋ ಮೊಣಕಾಲಿಗೆ ಬಡಿಯಿತು, ಗೋಲ್‌ಕೀಪರ್ ಅದರ ಮೇಲೆ ಬಿದ್ದ. ಪಂದ್ಯ ಮುಗಿಯಿತು.

ನಮ್ಮ ಹುಡುಗರು "ಪೆನಾಲ್ಟಿ ಕೊಡಬೇಕಿತ್ತು" ಎಂದು ಕೂಗಾಡಿದರು. ಅವರು "ಸೋತವರ ಬಾಯಿ ದೊಡ್ಡದು" ಎಂದರು. ಮಾತಿಗೆ ಮಾತು ಬೆಳೆದು, ಹಿಂದಿನ ವರ್ಷದ ಕ್ರಿಕೆಟ್ ಪಂದ್ಯ, ಅದರ ಹಿಂದಿನ ವರ್ಷದ ಗಣೇಶೋತ್ಸವದ ಚಂದಾ, "ನಿನಗೆ ಕನ್ನಡದಲ್ಲಿ ನಾಲ್ಕು ಅಕ್ಷರ ಬರೆಯಲು ಬರುತ್ತದಾ?" ಎಂಬಲ್ಲಿಯವರೆಗೆ ಹೋಯಿತು. ಗೆಳೆಯರಿಬ್ಬರೂ ಲಿಫ್ಟಿನಲ್ಲಿ ಎದುರಾದರೆ ಗೋಡೆ ನೋಡುವಂತಾದರು. ಅರಿಶಿನ ಕುಂಕುಮದ ದಿನ ಆ ಹುಡುಗನ ತಾಯಿ ನನ್ನನ್ನು ಕಂಡೂ ಕಾಣದಂತೆ ಇದ್ದುಬಿಟ್ಟರು. ಅದು ನನಗೆ ತುಂಬಾ ನಾಟಿತು.

ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದವಳು. ಆ ಪದವಿ ಮಕ್ಕಳ ಪ್ರಬಂಧ ತಿದ್ದುವುದಕ್ಕೆ ಬಿಟ್ಟರೆ ಹೆಚ್ಚೇನೂ ಉಪಯೋಗಕ್ಕೆ ಬಂದಿರಲಿಲ್ಲ. ಫುಟ್‌ಬಾಲಿನ ನಿಯಮಗಳು ಬರೆದಿಟ್ಟ ಪುಸ್ತಕವಿರಬೇಕಲ್ಲ, ಓದಿಯೇ ಬಿಡೋಣ ಎಂದುಕೊಂಡೆ. ಮಗನ ಕೈಯಲ್ಲೇ ತರಿಸಿಕೊಂಡು, ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಕನ್ನಡಕ ಏರಿಸಿ ಕುಳಿತೆ. ಅದರ ಒಟ್ಟು 17 ನಿಯಮಗಳಲ್ಲಿ ಫ್ರೀ ಕಿಕ್ ಬರುವುದು 13ನೆಯದರಲ್ಲಿ.

ಮೂಲ ನಿಯಮ

ಮೂಲ ನಿಯಮ ಸರಳವಾಗಿದೆ. ತಪ್ಪು ಎಲ್ಲಿ ನಡೆಯಿತೋ ಅಲ್ಲಿಂದಲೇ ಫ್ರೀ ಕಿಕ್. ಚೆಂಡು ಅಲುಗಾಡದೆ ನಿಂತಿರಬೇಕು. ಎದುರಾಳಿಗಳು ಚೆಂಡಿನಿಂದ ಕನಿಷ್ಠ 9.15 ಮೀಟರ್, ಅಂದರೆ 10 ಗಜ ದೂರವಿರಬೇಕು. ಒದ್ದವನು ಇನ್ನೊಬ್ಬರಿಗೆ ಚೆಂಡು ತಗುಲುವ ಮೊದಲು ಮತ್ತೆ ಅದನ್ನು ಮುಟ್ಟುವಂತಿಲ್ಲ.

'ಕಳೆದುಕೊಂಡಲ್ಲೇ ಹುಡುಕು' ಎಂದು ನಮ್ಮ ಹಿರಿಯರು ಹೇಳುತ್ತಿರಲಿಲ್ಲವೇ? ಇದೂ ಹಾಗೆಯೇ. ಒಬ್ಬ ಹುಡುಗ ಚೆಂಡನ್ನು ಎಲ್ಲಿಯವರೆಗೆ ಕಷ್ಟಪಟ್ಟು ತಂದಿದ್ದನೋ ಅದು ಅವನ ಸಂಪಾದನೆ. ಅವನನ್ನು ಬೀಳಿಸಿದ ಮಾತ್ರಕ್ಕೆ ಆ ಸಂಪಾದನೆ ಹೋಗಬಾರದು. ಹಾಗೆಂದು ಬಿದ್ದ ನೆಪದಲ್ಲಿ ಇನ್ನೂ ಹತ್ತು ಹೆಜ್ಜೆ ಮುಂದೆ ಹೋಗಿ ಚೆಂಡನ್ನಿಡುವುದೂ ಸರಿಯಲ್ಲ. ನೀವು ಟಿವಿಯಲ್ಲಿ ನೋಡಿರುತ್ತೀರಿ, ರೆಫರಿ ಆಚೆ ತಿರುಗಿದೊಡನೆ ಒಬ್ಬ ಚೆಂಡನ್ನು ಅಂಗೈಯಲ್ಲೇ ಉರುಳಿಸುತ್ತಾ ಮುಂದೆ ಸರಿಸುತ್ತಾನೆ. ಎದುರಿನ ಗೋಡೆಯವರೂ ಅಂಗುಲ ಅಂಗುಲವಾಗಿ ಮುಂದೆ ಬರುತ್ತಾರೆ. ಈ ಕಳ್ಳಾಟ ತಡೆಯಲೆಂದೇ ಸ್ವಲ್ಪ ಹೊತ್ತಿನಲ್ಲಿ ಅಳಿಸಿಹೋಗುವ ನೊರೆಯ ಸ್ಪ್ರೇ ಬಂತು. 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ರೆಫರಿಗಳು ಸೊಂಟಕ್ಕೆ ಡಬ್ಬಿ ಸಿಕ್ಕಿಸಿಕೊಂಡು, ಚೆಂಡಿನ ಜಾಗಕ್ಕೂ ಗೋಡೆಯ ಜಾಗಕ್ಕೂ ಬಿಳಿ ಗೆರೆ ಎಳೆದದ್ದು ನಿಮಗೆ ನೆನಪಿರಬಹುದು. ಒಳ್ಳೊಳ್ಳೆಯ ಆಟಗಾರರಿಗೂ ರಂಗೋಲಿ ಹಾಕಿ ತೋರಿಸಬೇಕಾಯಿತು ನೋಡಿ!

ತಪ್ಪು ನಡೆದ ಜಾಗ ಯಾವುದೆಂದು ಹೇಳುವುದೂ ಯಾವಾಗಲೂ ಸುಲಭವಲ್ಲ. ಪೆನಾಲ್ಟಿ ಏರಿಯಾದ ಹೊರಗೆ ಅಂಗಿ ಹಿಡಿದು ಎಳೆಯಲು ಶುರುಮಾಡಿದ ಡಿಫೆಂಡರ್ ಒಳಗೆ ಬಂದ ಮೇಲೂ ಎಳೆಯುತ್ತಲೇ ಇದ್ದರೆ ಅದು ಪೆನಾಲ್ಟಿ. ಆ ಏರಿಯಾದ ಗೆರೆಯೂ ಏರಿಯಾದ ಭಾಗವೇ. ಗೆರೆಯ ಮೇಲೆ ನಡೆದದ್ದು ಒಳಗೆ ನಡೆದಂತೆ. ಆಫ್‌ಸೈಡ್ ಆದಾಗ ಆ ಆಟಗಾರ ಎಲ್ಲಿ ಆಟಕ್ಕೆ ಅಡ್ಡಬಂದನೋ ಅಲ್ಲಿಂದ ಕಿಕ್. ಅವನು ಹಿಂದಕ್ಕೆ ಓಡಿಬಂದು ತನ್ನದೇ ಅರ್ಧದಲ್ಲಿ ಚೆಂಡು ಮುಟ್ಟಿದರೆ ಕಿಕ್ ಅಲ್ಲಿಂದಲೇ. ಇದು 2016ರ ತಿದ್ದುಪಡಿಯಿಂದ ಸ್ಪಷ್ಟವಾಯಿತು.

1891ರ ಪಾಠ

ಹಾಗಾದರೆ ನಮ್ಮ ಮೈದಾನದ ರೆಫರಿ ತಪ್ಪು ನಡೆದ ಜಾಗದಲ್ಲೇ ಚೆಂಡನ್ನಿಟ್ಟರಲ್ಲ, ಅದರಲ್ಲಿ ತಪ್ಪೇನು? ಇಲ್ಲಿಯೇ ಇರುವುದು ಸ್ವಾರಸ್ಯ. ಇದಕ್ಕಾಗಿ ನಾವು ನೂರಮೂವತ್ತು ವರ್ಷಕ್ಕೂ ಹಿಂದೆ, ಇಂಗ್ಲೆಂಡಿಗೆ ಹೋಗಬೇಕು.

1891ರ ಫೆಬ್ರವರಿ ತಿಂಗಳು. ಎಫ್.ಎ. ಕಪ್‌ನ ಕ್ವಾರ್ಟರ್ ಫೈನಲ್. ನಾಟ್ಸ್ ಕೌಂಟಿ ಮತ್ತು ಸ್ಟೋಕ್ ತಂಡಗಳ ನಡುವೆ ಆಟ. ಕೌಂಟಿ ಒಂದು ಗೋಲಿನಿಂದ ಮುಂದಿತ್ತು. ಕೊನೆಯ ಹೊತ್ತಿಗೆ ಸ್ಟೋಕ್‌ನವರು ಒದ್ದ ಚೆಂಡು ಇನ್ನೇನು ಗೋಲಿನೊಳಗೆ ಹೋಗಬೇಕು, ಅಷ್ಟರಲ್ಲಿ ಕೌಂಟಿಯ ಡಿಫೆಂಡರ್ ಹೆಂಡ್ರಿ ಗೆರೆಯ ಮೇಲೆ ನಿಂತು ಅದನ್ನು ಕೈಯಿಂದ ತಡೆದ. ಆಗ ಪೆನಾಲ್ಟಿ ಎಂಬುದೇ ಇರಲಿಲ್ಲ. ತಪ್ಪು ನಡೆದ ಜಾಗದಿಂದ ಫ್ರೀ ಕಿಕ್, ಅಷ್ಟೇ. ಗೋಲ್ ಗೆರೆಯ ಬುಡದಲ್ಲೇ ಚೆಂಡನ್ನಿಟ್ಟರು. ಗೋಲ್‌ಕೀಪರ್ ಟೂನ್ ಚೆಂಡಿನ ಎದುರಿಗೇ ಅಡ್ಡವಾದ. ಒದ್ದದ್ದು ಅವನನ್ನು ದಾಟಲಿಲ್ಲ. ಸ್ಟೋಕ್ ಸೋತಿತು. ಕೌಂಟಿ ಆ ವರ್ಷ ಫೈನಲ್‌ವರೆಗೂ ಹೋಯಿತು.

ಓದುವಾಗ ನನಗೆ ಮೈ ಜುಮ್ಮೆಂದಿತು. ಇದು ನಮ್ಮ ಮೈದಾನದ ಕಥೆಯೇ ಅಲ್ಲವೇ? ನಿಯಮದ ಅಕ್ಷರವನ್ನು ಪಾಲಿಸಿದರೂ ತಪ್ಪು ಮಾಡಿದವರೇ ಗೆದ್ದರು. ಗೋಲಿಗೆ ಹತ್ತಿರವಾದಷ್ಟೂ ಚೆಂಡಿನ ಎದುರು ಜನ ತುಂಬಿಕೊಳ್ಳುತ್ತಾರೆ. ಜಾಗ ಸಿಕ್ಕಿತು, ದಾರಿ ಸಿಗಲಿಲ್ಲ.

ಐರ್ಲೆಂಡಿನ ಗೋಲ್‌ಕೀಪರ್ ವಿಲಿಯಂ ಮೆಕ್ರಮ್ ಹಿಂದಿನ ವರ್ಷವೇ ಪೆನಾಲ್ಟಿ ಕಿಕ್‌ನ ಸಲಹೆ ಕೊಟ್ಟಿದ್ದ. ಸಭ್ಯ ಗೃಹಸ್ಥರು ಬೇಕೆಂದೇ ಮೋಸ ಮಾಡುತ್ತಾರೆಂದು ಸೂಚಿಸುವುದೇ ಅವಮಾನವೆಂದು ಹಲವರು ಅದನ್ನು ತಳ್ಳಿಹಾಕಿದ್ದರು. 1891ರ ಜೂನ್‌ನಲ್ಲಿ ಅದು ನಿಯಮವಾಯಿತು. ಮೊದಮೊದಲು ಗೋಲಿನಿಂದ 12 ಗಜ ದೂರದ ಗೆರೆಯ ಮೇಲೆ ಎಲ್ಲಿ ಬೇಕಾದರೂ ಚೆಂಡನ್ನಿಡಬಹುದಿತ್ತು. ಈಗಿನ ಪೆನಾಲ್ಟಿ ಚುಕ್ಕೆ ಬಂದದ್ದು 1902ರಲ್ಲಿ. ಅಂದಹಾಗೆ ಮುಂಬಯಿಯ ಪ್ರಸಿದ್ಧ ರೋವರ್ಸ್ ಕಪ್ ಪ್ರಾರಂಭವಾದದ್ದೂ ಅದೇ 1891ರಲ್ಲಿ. ಪೆನಾಲ್ಟಿ ಕಿಕ್‌ಗೂ ನಮ್ಮ ಊರಿನ ದೊಡ್ಡ ಪಂದ್ಯಾಟಕ್ಕೂ ಒಂದೇ ವಯಸ್ಸು!

ಚೆಂಡು ಜಾಗ ಬದಲಿಸುವುದು ಯಾವಾಗ?

ಹೀಗೆ ಅನುಭವದಿಂದ ಕಲಿತು ನಿಯಮ ಮಾಡುವವರು ಕೆಲವು ವಿನಾಯಿತಿಗಳನ್ನು ಬರೆದಿಟ್ಟಿದ್ದಾರೆ. ಹುಡುಗರೇ, ಹುಡುಗಿಯರೇ, ಇದನ್ನು ಮಾತ್ರ ಸ್ವಲ್ಪ ಗಮನವಿಟ್ಟು ಓದಿ.

ಮೊದಲನೆಯದು ನಮ್ಮ ಜಗಳದ್ದೇ. ಗೋಲಿನ ಮುಂದಿರುವ ಚಿಕ್ಕ ಚೌಕಕ್ಕೆ ಗೋಲ್ ಏರಿಯಾ ಎನ್ನುತ್ತಾರೆ, ನೀವು ಸಿಕ್ಸ್ ಯಾರ್ಡ್ ಬಾಕ್ಸ್ ಎನ್ನುತ್ತೀರಿ. ಅದು ಗೋಲ್ ಗೆರೆಯಿಂದ 5.5 ಮೀಟರ್ ಮುಂದಕ್ಕೆ ಚಾಚಿದೆ. ದಾಳಿ ಮಾಡುವ ತಂಡಕ್ಕೆ ಅದರೊಳಗೆ ಇನ್‌ಡೈರೆಕ್ಟ್ ಫ್ರೀ ಕಿಕ್ ಸಿಕ್ಕಿದರೆ ಚೆಂಡನ್ನು ತಪ್ಪು ನಡೆದ ಜಾಗದಲ್ಲಿ ಇಡುವಂತಿಲ್ಲ. ಗೋಲ್ ಗೆರೆಗೆ ಸಮಾನಾಂತರವಾಗಿರುವ ಆ ಚೌಕದ ಮುಂದಿನ ಗೆರೆಯ ಮೇಲೆ, ತಪ್ಪು ನಡೆದದ್ದಕ್ಕೆ ಅತಿ ಹತ್ತಿರವಾದ ಬಿಂದುವಿನಲ್ಲಿ ಇಡಬೇಕು. ನೋಡಿ, ಹಿಂದಕ್ಕೆ ತಂದಂತೆ ಕಾಣುತ್ತದೆ, ಆದರೆ ಹಿಂದೆ ತಂದದ್ದರಿಂದಲೇ ಕಾಲಿಗೆ ಸ್ವಲ್ಪ ಅವಕಾಶ ಸಿಗುತ್ತದೆ. ಎದುರಾಳಿಗಳು 9.15 ಮೀಟರ್ ಒಳಗಿದ್ದರೂ ಕಂಬಗಳ ನಡುವೆ ತಮ್ಮ ಗೋಲ್ ಗೆರೆಯ ಮೇಲೆ ನಿಲ್ಲಬಹುದು, ಅದಕ್ಕೆ ಅನುಮತಿಯಿದೆ.

ಎರಡನೆಯದು ರಕ್ಷಿಸುವ ತಂಡಕ್ಕೆ. ಅವರದೇ ಗೋಲ್ ಏರಿಯಾದಲ್ಲಿ ಅವರಿಗೆ ಫ್ರೀ ಕಿಕ್ ಸಿಕ್ಕಿದರೆ ಆ ಚೌಕದೊಳಗೆ ಎಲ್ಲಿಂದ ಬೇಕಾದರೂ ಒದೆಯಬಹುದು. ಅಲ್ಲಿ ಅಂಗುಲ ಅಳೆದು ಯಾರಿಗೂ ಲಾಭವಿಲ್ಲ. ತಮ್ಮ ಪೆನಾಲ್ಟಿ ಏರಿಯಾದ ಒಳಗಿಂದ ಒದ್ದಾಗ ಚೆಂಡು ಹೊರಗೆ ಹೋಗುವವರೆಗೆ ಆಟ ಶುರುವಾಗುವುದಿಲ್ಲವೆಂದು ಮೊದಲು ಇತ್ತು. 2019ರಿಂದ ಒದ್ದು ಚೆಂಡು ಸ್ಪಷ್ಟವಾಗಿ ಕದಲಿದರೆ ಸಾಕು.

ಮೂರನೆಯದು, ರೆಫರಿಯ ಒಪ್ಪಿಗೆಯಿಲ್ಲದೆ ಮೈದಾನದ ಒಳಗೆ ಬಂದವನು ಅಥವಾ ಹೊರಗೆ ಹೋದವನು ಮಾಡಿದ ತಪ್ಪು. ಆಗ ಆಟ ನಿಲ್ಲಿಸಿದಾಗ ಚೆಂಡು ಎಲ್ಲಿತ್ತೋ ಅಲ್ಲಿಂದ ಕಿಕ್. ಆಟದ ನಡುವೆ ಇಬ್ಬರು ಗೆರೆ ದಾಟಿ ಹೊರಗೆ ಹೋಗಿ, ಅಲ್ಲಿ ಒಬ್ಬ ಇನ್ನೊಬ್ಬನನ್ನು ಒದ್ದರೆ, ಅದಕ್ಕೆ ಹತ್ತಿರದ ಗೆರೆಯ ಮೇಲಿಂದ ಕಿಕ್. ಆ ಹತ್ತಿರದ ಗೆರೆ ಅವನದೇ ತಂಡದ ಪೆನಾಲ್ಟಿ ಏರಿಯಾದೊಳಗಿದ್ದರೆ ಪೆನಾಲ್ಟಿಯೇ. ಹೊರಗೆ ಹೋಗಿ ಮಾಡಿದ್ದು ಲೆಕ್ಕಕ್ಕಿಲ್ಲ ಎನ್ನುವ ಹಾಗಿಲ್ಲ.

ಈಗ ಹೇಳಿ, ನಮ್ಮ ಪಂದ್ಯದಲ್ಲಿ ಯಾರು ಸರಿ? ಯಾರೂ ಅಲ್ಲ! ತನ್ನ ಪೆನಾಲ್ಟಿ ಏರಿಯಾದಲ್ಲಿ ಗೋಲ್‌ಕೀಪರ್ ಬ್ಯಾಕ್‌ಪಾಸ್ ಹಿಡಿದರೆ ಅದಕ್ಕೆ ಪೆನಾಲ್ಟಿ ಇಲ್ಲ, ಆದ್ದರಿಂದ ನಮ್ಮ ಹುಡುಗರ ಕೂಗು ತಪ್ಪು. ಚೆಂಡನ್ನು ಎರಡು ಹೆಜ್ಜೆ ದೂರದಲ್ಲಿ ಇಟ್ಟದ್ದೂ ತಪ್ಪು. ಇಪ್ಪತ್ತೆರಡು ಹುಡುಗರು, ಒಬ್ಬ ರೆಫರಿ, ಗೆರೆಯ ಹೊರಗೆ ನಿಂತ ನಾವು ನೂರಾರು ಜನ ಹೆತ್ತವರು, ಒಬ್ಬರಿಗಾದರೂ ಆ ಒಂದು ವಾಕ್ಯ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕೂಗುವುದು ಮಾತ್ರ.

ಕಂಠೀರವದ ಆ ರಾತ್ರಿ

ಜಾಗದ ಮಾತಾಯಿತು. ಜಾಗ ಸರಿಯಾಗಿದ್ದೂ ಜಗಳವಾದ ಪ್ರಸಂಗವೊಂದಿದೆ. ಅದು ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

2023ರ ಮಾರ್ಚ್ 3. ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಪೆನಾಲ್ಟಿ ಏರಿಯಾದ ಹೊರಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿದ್ದರು, ಗೋಲ್‌ಕೀಪರ್ ಮುಂದೆ ಬಂದಿದ್ದ. ಸುನಿಲ್ ಛೇತ್ರಿ ತಟ್ಟನೆ ಚೆಂಡನ್ನು ಗೋಲಿಗೆ ಕಳಿಸಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲ್ ಎಂದರು. ಸೀಟಿ ಊದುವವರೆಗೆ ಕಾಯಬೇಕಿತ್ತೆಂದು ಕೇರಳದವರ ವಾದ. ಅವರ ತರಬೇತುದಾರ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಆಟ ಮುಂದುವರಿಯಲಿಲ್ಲ. ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ತಿಂಗಳ ಕೊನೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಹಾಕಿತು. ತರಬೇತುದಾರರಿಗೆ 10 ಪಂದ್ಯಗಳ ನಿಷೇಧ.

ಸೀಟಿಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ಹೇಳಿದ್ದೆ ಎಂದು ಛೇತ್ರಿ ಆಮೇಲೆ ಹೇಳಿದರು. ಇದರ ಹಿಂದಿನ ತತ್ವವನ್ನು ಸ್ವಲ್ಪ ಯೋಚಿಸಿ. 9.15 ಮೀಟರ್ ದೂರ ಇರುವುದು ಅನ್ಯಾಯಕ್ಕೊಳಗಾದವನ ಅನುಕೂಲಕ್ಕೆ. ಅದನ್ನು ಕೇಳುವುದೂ ಬಿಡುವುದೂ ಅವನಿಗೆ ಸೇರಿದ್ದು. ದೂರ ಅಳೆದುಕೊಡಿ ಎಂದು ಕೇಳಿದರೆ ಸೀಟಿಗೆ ಕಾಯಬೇಕು. ಬೇಡವೆಂದು ತಕ್ಷಣ ಒದ್ದಾಗ ಹತ್ತಿರದಲ್ಲಿದ್ದ ಎದುರಾಳಿಗೆ ಚೆಂಡು ಸಿಕ್ಕಿದರೆ, ಆ ನಷ್ಟ ಅವನದೇ. ಗೋಡೆ ಕಟ್ಟಿಕೊಳ್ಳಲು ಸಮಯ ಕೊಡಿ ಎಂದು ಕೇಳುವ ಹಕ್ಕು ಮಾತ್ರ ತಪ್ಪು ಮಾಡಿದವನಿಗೆ ಇಲ್ಲ. ಕೇರಳದ ಹುಡುಗರ ನೋವು ನನಗೆ ಅರ್ಥವಾಗುತ್ತದೆ. ಆದರೆ ಮೈದಾನ ಬಿಟ್ಟುಹೋದದ್ದರಿಂದ ಅವರಿಗೆ ಸಿಕ್ಕಿದ್ದೇನು? ಇನ್ನೂ ಆಡಲು ಉಳಿದಿದ್ದ ಇಪ್ಪತ್ತಕ್ಕೂ ಹೆಚ್ಚು ನಿಮಿಷಗಳನ್ನು ತಾವೇ ಕೈಯಾರೆ ಬಿಟ್ಟುಕೊಟ್ಟರು.

ಮುಂದಿನ ಸೆಮಿಫೈನಲ್‌ನಲ್ಲಿ ಬೆಂಗಳೂರಿಗೆ ಎದುರಾದದ್ದು ಮುಂಬಯಿ ಸಿಟಿ! ಪೆನಾಲ್ಟಿ ಶೂಟೌಟ್‌ನಲ್ಲಿ ಬೆಂಗಳೂರು 9-8ರಿಂದ ಗೆದ್ದ ರಾತ್ರಿ ನಮ್ಮ ಮನೆಯಲ್ಲಿ ನಾನೂ ನಮ್ಮವರೂ ಚಪ್ಪಾಳೆ ತಟ್ಟಿದರೆ, ಮಕ್ಕಳಿಬ್ಬರೂ ಊಟ ಮಾಡದೆ ಮಲಗಿದರು. ಹುಟ್ಟಿ ಬೆಳೆದ ಊರಿನ ಮೇಲಿನ ಪ್ರೀತಿ ಅವರಿಗೂ ಇರಬೇಕಲ್ಲವೇ, ಅವರ ಊರು ಇದು. ನಾನೇನೂ ಅನ್ನಲಿಲ್ಲ. ಫ್ರಿಜ್ಜಿನಲ್ಲಿ ಪಾಯಸ ಇಟ್ಟೆ, ಬೆಳಿಗ್ಗೆ ಖಾಲಿಯಾಗಿತ್ತು.

ಮತ್ತೆ ಮೈದಾನಕ್ಕೆ

ಇರಲಿ, ನಮ್ಮ ಜಗಳಕ್ಕೆ ಬರುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮಾಳಿಗೆಗೆ ನಾನೇ ಇಳಿದುಹೋದೆ. ಹೋಗಲು ಕಾಲು ಬರುತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಬಾಗಿಲು ತೆರೆದ ಆ ತಾಯಿಗೆ, "ನಮ್ಮ ಹುಡುಗರು ಪೆನಾಲ್ಟಿ ಎಂದು ಕೂಗಿದ್ದು ತಪ್ಪು, ಅದನ್ನು ಹೇಳಿ ಹೋಗೋಣವೆಂದು ಬಂದೆ" ಎಂದೆ. ಮೊದಲು ನಮ್ಮ ಕಡೆಯ ತಪ್ಪನ್ನೇ ಹೇಳಿದೆ. ಆಮೇಲೆ ಪುಸ್ತಕದ ಆ ಪುಟ ತೋರಿಸಿದೆ. ಹುಡುಗ ಒಳಗಿನಿಂದ ಬಂದು ಎರಡು ಸಲ ಓದಿದ. "ಆಂಟಿ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾನೇ ಹೇಳುತ್ತಿದ್ದೆನೋ ಏನೋ, ಹೇಳುತ್ತಿರಲಿಲ್ಲವೋ ಏನೋ" ಎಂದ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಅವನ ತಾಯಿ ಕಾಫಿಗೆ ನೀರಿಟ್ಟರು.

ಸಂಜೆ ಇಬ್ಬರೂ ಮೈದಾನಕ್ಕೆ ಹೋದರು. ನನ್ನ ಹೊಲಿಗೆಯ ಟೇಪನ್ನೂ ಒಯ್ದಿದ್ದರು. ಅದು ಒಂದೂವರೆ ಮೀಟರ್‌ನದ್ದು, ನಾಲ್ಕು ಸಲ ಹಿಡಿದು 5.5 ಮೀಟರ್ ಅಳೆದರಂತೆ. ಆ ಗೆರೆಯ ಮೇಲೆ ಚೆಂಡನ್ನಿಟ್ಟು, ಸಿಕ್ಕಿದ ಹುಡುಗರನ್ನೆಲ್ಲ ಗೋಲಿನೊಳಗೆ ನಿಲ್ಲಿಸಿ ಹತ್ತು ಸಲ ಒದ್ದರು. ಮೂರು ಸಲ ಗೋಲಾಯಿತು. ಅಂದರೆ ಆ ದಿನ ಸರಿಯಾದ ಜಾಗದಲ್ಲಿ ಚೆಂಡನ್ನಿಟ್ಟಿದ್ದರೂ ನಮ್ಮವರು ಗೋಲ್ ಹೊಡೆಯುತ್ತಿದ್ದರೆಂಬ ಖಾತ್ರಿ ಇರಲಿಲ್ಲ. ನಿಯಮ ಗೋಲನ್ನು ಕೊಡುವುದಿಲ್ಲ, ಒಂದು ಅವಕಾಶವನ್ನು ಮಾತ್ರ ಹಿಂದಿರುಗಿಸುತ್ತದೆ.

ಈಗ ನಿಮ್ಮ ಆಂಟಿಯ ಎರಡು ಮಾತು. ಒಂದು, ನೀವು ಆಡುವ ಆಟದ ನಿಯಮವನ್ನು ಒಮ್ಮೆಯಾದರೂ ಪುಸ್ತಕದಲ್ಲಿ ಓದಿ. ಗೊತ್ತಿದ್ದ ಹುಡುಗ ಅಂದು ಆ ಗುಂಪಿನಲ್ಲಿ ಒಬ್ಬನಿದ್ದರೂ ಸಾಕಿತ್ತು. ನಾಯಕನ ಮೂಲಕ ರೆಫರಿಗೆ ಸಮಾಧಾನದಿಂದ "ಸರ್, ಚೆಂಡು ಗೆರೆಯ ಮೇಲಿರಬೇಕು" ಎಂದಿದ್ದರೆ ಅವರು ಕೇಳುತ್ತಿದ್ದರೋ ಏನೋ. ಅವರೂ ಭಾನುವಾರ ಮನೆ ಬಿಟ್ಟು ಬಿಸಿಲಲ್ಲಿ ನಿಂತವರೇ. ಕೂಗಿದವರ ಮಾತನ್ನು ಯಾರು ತಾನೇ ಕೇಳುತ್ತಾರೆ?

ಎರಡು, ಜಗಳವಾದರೆ ಚೆಂಡನ್ನು ತಪ್ಪು ನಡೆದ ಜಾಗದಲ್ಲೇ ಇಡಿ. ಫ್ರೀ ಕಿಕ್‌ನ ತಪ್ಪಿಗೆ ಕ್ರಿಕೆಟ್ ಪಂದ್ಯವನ್ನೂ ಗಣೇಶೋತ್ಸವದ ಚಂದಾವನ್ನೂ ಒಬ್ಬನ ಕನ್ನಡವನ್ನೂ ಎಳೆದು ತಂದರೆ, ಅದು ಚೆಂಡನ್ನು ಕದ್ದು ಐವತ್ತು ಗಜ ಮುಂದೆ ಇಟ್ಟ ಹಾಗೆ. ನಾವು ದೊಡ್ಡವರು ಮನೆಯೊಳಗೆ ಇದನ್ನು ದಿನವೂ ಮಾಡುತ್ತೇವೆ. ಸಾರಿಗೆ ಉಪ್ಪು ಹೆಚ್ಚಾದ ಮಾತು ಮದುವೆಯ ದಿಬ್ಬಣದವರೆಗೂ ಹೋಗುತ್ತದೆ. ನೀವಾದರೂ ಮಾಡಬೇಡಿ. ಒಂದೊಂದು ಸಲ, ತಪ್ಪು ನಡೆದ ಜಾಗದಲ್ಲೇ ಎಲ್ಲರೂ ಒತ್ತಿಕೊಂಡು ನಿಂತು ದಾರಿಯೇ ಕಾಣದಿದ್ದಾಗ, ಸ್ವಲ್ಪ ಹಿಂದೆ ಸರಿದು ಇಡಿ. ನಿಯಮವೂ ಅದನ್ನೇ ಹೇಳುತ್ತದೆ.

ಮುಂದಿನ ಚಳಿಗಾಲದ ಪಂದ್ಯಾಟಕ್ಕೆ ನಾನೂ ಬರುತ್ತೇನೆ. ಚೀಲದಲ್ಲಿ ಕಿತ್ತಳೆ ಹಣ್ಣು, ನೀರಿನ ಬಾಟಲಿ, ಜೊತೆಗೆ ಆ ಪುಸ್ತಕ. ಕೆಳಗಿನ ಮಾಳಿಗೆಯವರೂ ನನ್ನ ಪಕ್ಕದಲ್ಲೇ ಕೂರುತ್ತಾರೆ. ಈ ಸಲ ಹುಡುಗರಿಬ್ಬರೂ ಒಂದೇ ತಂಡದಲ್ಲಿದ್ದಾರೆ. ಆದರೆ ಗೋಲ್‌ಕೀಪರನಿಗೆ ಈಗಲೇ ಹೇಳಿಟ್ಟಿದ್ದೇನೆ: ಬ್ಯಾಕ್‌ಪಾಸ್ ಬಂದರೆ ಕಾಲಿನಿಂದಲೇ ಒದಿ ಮಗ, ಕೈ ಹಾಕಬೇಡ!